ಮೆಲ್ ಚೆರೆನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸ್ಕೊ ಎಂದ ಕೂಡಲೇ ಹಾಡಿದವರ ಹೆಸರು ನೆನಪಾಗುತ್ತದೆ; ರೆಕಾರ್ಡಿನ ನಡುವೆ ಅಂಟಿಸಿದ ಕಾಗದದ ಮೇಲಿನ ಕಂಪನಿಯ ಹೆಸರನ್ನು ಓದುವವರು ಕಡಿಮೆ. ನ್ಯೂಯಾರ್ಕಿನ ವೆಸ್ಟ್ ಎಂಡ್ ರೆಕಾರ್ಡ್ಸ್ ಕಂಪನಿಯನ್ನು ಕಟ್ಟಿದ ಮೆಲ್ ಚೆರೆನ್ ಅವರ ಬಗ್ಗೆ ನಾನು ಮಾತಾಡಿದಾಗಲೆಲ್ಲ, ಬರೆದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬಂದಿವೆ. ಅವನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಟ್ಟು ಉತ್ತರ ಬರೆದಿದ್ದೇನೆ. ಮೊದಲು ಸಾಮಾನ್ಯ ಪ್ರಶ್ನೆಗಳಿವೆ, ಬರಬರುತ್ತ ಆಳದವು.

## ಮೊದಲ ಪರಿಚಯ

ಮೆಲ್ ಚೆರೆನ್ ಅಂದರೆ ಯಾರು? ನಾನು ಹೆಸರೇ ಕೇಳಿಲ್ಲ.

ಮೆಲ್ ಚೆರೆನ್ 1933ರ ಜನವರಿ 21ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಎವರೆಟ್ ಎಂಬ ಊರಿನಲ್ಲಿ ಹುಟ್ಟಿದರು ಮತ್ತು 2007ರ ಡಿಸೆಂಬರ್ 7ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಈ ಎಪ್ಪತ್ತನಾಲ್ಕು ವರ್ಷಗಳ ಬಾಳಿನ ಬಹುಭಾಗ ಧ್ವನಿಮುದ್ರಿಕೆಗಳ ವ್ಯಾಪಾರದಲ್ಲಿ ಕಳೆಯಿತು: ಮೊದಲು ಎಬಿಸಿ-ಪ್ಯಾರಮೌಂಟ್, ನಂತರ ಸೆಪ್ಟರ್ ರೆಕಾರ್ಡ್ಸ್, ಕೊನೆಗೆ 1976ರಲ್ಲಿ ಎಡ್ ಕುಶಿನ್ಸ್ ಅವರ ಜೊತೆ ಸೇರಿ ತಾವೇ ಆರಂಭಿಸಿದ ವೆಸ್ಟ್ ಎಂಡ್. ಸಂಗೀತಪ್ರಿಯರು ಅವರನ್ನು ಡಿಸ್ಕೊ ಕಾಲದ ರೆಕಾರ್ಡುಗಳಿಗಾಗಿ ನೆನೆಯುತ್ತಾರೆ. ಏಡ್ಸ್ ಕಾಯಿಲೆಯ ಮೊದಲ ವರ್ಷಗಳನ್ನು ನ್ಯೂಯಾರ್ಕಿನಲ್ಲಿ ಕಂಡವರು ಅವರನ್ನು ಒಂದು ಕಟ್ಟಡಕ್ಕಾಗಿ ನೆನೆಯುತ್ತಾರೆ. ಈ ಎರಡು ನೆನಪುಗಳನ್ನು ಬೇರೆ ಬೇರೆ ಅಧ್ಯಾಯಗಳಂತೆ ಬರೆಯುವ ರೂಢಿಯಿದೆ. ಅವರ ದಾನ ಅವರ ವ್ಯಾಪಾರ ಬೆಳೆದ ನೆಲದಲ್ಲಿಯೇ ಬೆಳೆದದ್ದು ಎಂಬುದು ನನ್ನ ಓದು, ಮುಂದಿನ ಉತ್ತರಗಳಲ್ಲಿ ಅದನ್ನು ತೋರಿಸಲು ಪ್ರಯತ್ನಿಸಿದ್ದೇನೆ.

ಅವರು ಹಾಡುತ್ತಿದ್ದರಾ, ಸಂಗೀತ ಕೂಡಿಸುತ್ತಿದ್ದರಾ? ಇಲ್ಲವೆಂದರೆ ಅವರು ಮಾಡಿದ್ದಾದರೂ ಏನು?

ಅವರು ಹಾಡಲಿಲ್ಲ, ವಾದ್ಯ ನುಡಿಸಲಿಲ್ಲ. ರೆಕಾರ್ಡ್ ಕಂಪನಿಯಲ್ಲಿ ಹಾಡು ಹುಟ್ಟುವುದಕ್ಕೂ ಅದು ಕೇಳುಗನ ಕೈಗೆ ಬರುವುದಕ್ಕೂ ನಡುವೆ ದೊಡ್ಡದೊಂದು ದಾರಿಯಿದೆ: ಯಾವ ಹಾಡನ್ನು ಕೊಳ್ಳಬೇಕು, ಯಾರಿಂದ ಅದನ್ನು ತಿದ್ದಿಸಬೇಕು, ಎಷ್ಟು ಪ್ರತಿ ಒತ್ತಿಸಬೇಕು, ಯಾರ ಕೈಗೆ ಮೊದಲು ತಲುಪಿಸಬೇಕು ಎಂಬ ನಿರ್ಧಾರಗಳ ದಾರಿ. ಚೆರೆನ್ ಆ ದಾರಿಯ ಮನುಷ್ಯ. ಸೆಪ್ಟರ್ ಕಂಪನಿಯಲ್ಲಿ ಅವರು ತಯಾರಿಕೆಯ ವಿಭಾಗದ ಮುಖ್ಯಸ್ಥರಾಗಿದ್ದರು. ಫ್ಲಾರೆನ್ಸ್ ಗ್ರೀನ್‌ಬರ್ಗ್ ಎಂಬ ಮಹಿಳೆ ಕಟ್ಟಿದ ಸೆಪ್ಟರ್, ದಿ ಶಿರೆಲ್ಸ್ ತಂಡವನ್ನೂ ಡಿಯಾನ್ ವಾರ್ವಿಕ್ ಅವರನ್ನೂ ಜನರ ಮನೆಗೆ ಮುಟ್ಟಿಸಿದ ಕಂಪನಿ. ಅದರ ಕಚೇರಿ ಮತ್ತು ಸ್ಟುಡಿಯೊ ಮ್ಯಾನ್‌ಹ್ಯಾಟನ್‌ನ ಪಶ್ಚಿಮ 54ನೇ ಬೀದಿಯ 254ನೇ ಸಂಖ್ಯೆಯ ಕಟ್ಟಡದಲ್ಲಿದ್ದವು. 1977ರಲ್ಲಿ ಅದೇ ವಿಳಾಸದಲ್ಲಿ ಸ್ಟುಡಿಯೊ 54 ಎಂಬ, ಡಿಸ್ಕೊ ಕಾಲದ ಅತ್ಯಂತ ಹೆಸರುವಾಸಿ ಕ್ಲಬ್ ತೆರೆಯಿತು.

ಡಿಸ್ಕೊ ಅಂದರೆ ಕನ್ನಡಿ ಗೋಳ, ಮಿನುಗುವ ಅಂಗಿ, ಶ್ರೀಮಂತರ ಮೋಜು ತಾನೇ?

ಸಿನಿಮಾಗಳಿಂದ ನಮಗೆ ತಲುಪಿದ ಡಿಸ್ಕೊ ಹಾಗೆಯೇ ಇತ್ತು, ಹೀಗಾಗಿ ಈ ಪ್ರಶ್ನೆ ಸಹಜ. ಆದರೆ ನ್ಯೂಯಾರ್ಕಿನಲ್ಲಿ ಅದು ಹುಟ್ಟಿದ್ದು ಬೇರೆ ಜನರ ನಡುವೆ. 1970ರ ಫೆಬ್ರವರಿಯಲ್ಲಿ ಡೇವಿಡ್ ಮಂಕೂಸೊ ಬ್ರಾಡ್‌ವೇ ಬೀದಿಯ ತಮ್ಮ ವಾಸದ ಮನೆಯಲ್ಲಿಯೇ ಆರಂಭಿಸಿದ ಆಹ್ವಾನಿತರ ಕೂಟ, ಮುಂದೆ ‘ದಿ ಲಾಫ್ಟ್’ ಎಂದು ಹೆಸರಾದದ್ದು, ಅದರ ಬೇರುಗಳಲ್ಲಿ ಒಂದು. ಅಲ್ಲಿಗೂ ಅಂಥ ಇತರ ಜಾಗಗಳಿಗೂ ಬರುತ್ತಿದ್ದವರಲ್ಲಿ ಸಲಿಂಗಿಗಳು, ಕಪ್ಪು ಜನಾಂಗದವರು, ಲ್ಯಾಟಿನ್ ಮೂಲದವರು ಬಹಳ ಮಂದಿ. ಇಬ್ಬರು ಗಂಡಸರು ಜೊತೆಯಾಗಿ ಕುಣಿದರೆ ಪೊಲೀಸರು ಬಾಗಿಲು ತಟ್ಟಬಹುದಾಗಿದ್ದ ಕಾಲ ಆಗಿನ್ನೂ ಸರಿಯಾಗಿ ಮುಗಿದಿರಲಿಲ್ಲ. ಸ್ವತಃ ಸಲಿಂಗಿಯಾಗಿದ್ದ ಚೆರೆನ್ ಈ ನೆಲದಲ್ಲಿ ಮೊದಲು ಕುಣಿಯುವವರಾಗಿ ಕಾಲಿಟ್ಟವರು, ಆಮೇಲೆ ವ್ಯಾಪಾರಿಯಾದವರು. ರಾತ್ರಿಯೆಲ್ಲ ಕುಣಿಯುವವರಿಗೆ ಏನು ಬೇಕೆಂದು ತಿಳಿಯಲು ಅವರಿಗೆ ಯಾವ ಸಮೀಕ್ಷೆಯೂ ಬೇಕಾಗಿರಲಿಲ್ಲ.

## ರೆಕಾರ್ಡುಗಳ ಕುರಿತು

ರೆಕಾರ್ಡಿನ ಹಿಂಬದಿಯಲ್ಲಿ ಬರೀ ವಾದ್ಯಸಂಗೀತ ಇಡುವುದನ್ನು ಶುರು ಮಾಡಿದ್ದು ಇವರೇ ಅಂತ ಓದಿದ್ದೇನೆ, ನಿಜವಾ?

ಅಮೆರಿಕದ ನೃತ್ಯಸಂಗೀತದ ಮಟ್ಟಿಗೆ ಆ ಹೆಗ್ಗಳಿಕೆಯನ್ನು ಸಾಮಾನ್ಯವಾಗಿ ಅವರಿಗೆ ಕೊಡುತ್ತಾರೆ. ಜಗತ್ತಿಗೆಲ್ಲ ಮೊದಲು ಎನ್ನಲಾಗದು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1970ರ ಹೊತ್ತಿಗಾಗಲೇ ಹಾಡಿನ ಹಿಂಬದಿಯಲ್ಲಿ ಗಾಯನವನ್ನು ತೆಗೆದ ‘ವರ್ಷನ್’ ಇಡುವುದು ಬಳಕೆಯಲ್ಲಿತ್ತು, ಮತ್ತು ಆ ದ್ವೀಪದ ತಂತ್ರಜ್ಞರಿಗೆ ಸಲ್ಲಬೇಕಾದದ್ದನ್ನು ನ್ಯೂಯಾರ್ಕಿನವರ ಹೆಸರಿಗೆ ಬರೆಯುವುದು ನ್ಯಾಯವಲ್ಲ. ಚೆರೆನ್ ಸೆಪ್ಟರ್‌ನಲ್ಲಿ ಇದನ್ನು ಜಾರಿಗೆ ತಂದದ್ದು 1973–74ರ ಸುಮಾರಿಗೆ. ಅದರಿಂದ ಕಂಪನಿಗೆ ಹಿಂಬದಿಗೆಂದೇ ಇನ್ನೊಂದು ಹಾಡನ್ನು ಧ್ವನಿಮುದ್ರಿಸುವ ಖರ್ಚು ಉಳಿಯಿತು. ಡಿಜೆಗಳಿಗೆ ಸಿಕ್ಕ ಲಾಭ ಅದಕ್ಕಿಂತ ದೊಡ್ಡದು. ಎರಡು ಪ್ರತಿ ಇದ್ದರೆ ಒಂದು ತಿರುಗುಮಣೆಯ ಮೇಲೆ ಹಾಡು, ಇನ್ನೊಂದರ ಮೇಲೆ ಅದೇ ಹಾಡಿನ ವಾದ್ಯರೂಪ. ಒಂದರಿಂದ ಇನ್ನೊಂದಕ್ಕೆ ಜಾರುತ್ತ ಮೂರು ನಿಮಿಷದ ಹಾಡನ್ನು ಹತ್ತು ನಿಮಿಷಕ್ಕೆ ಎಳೆಯಬಹುದಾಗಿತ್ತು. ಉಳಿತಾಯಕ್ಕೆಂದು ಬಂದ ಏರ್ಪಾಡು ಕುಣಿಯುವವರಿಗೆ ಬೇಕಾದ ಅವಕಾಶವನ್ನು ಹೀಗೆ ಮಾಡಿಕೊಟ್ಟಿತು.

ಹನ್ನೆರಡು ಇಂಚಿನ ಸಿಂಗಲ್ ಕಂಡುಹಿಡಿದವರು ಚೆರೆನ್ ಅಲ್ಲವೇ?

ಅಲ್ಲ. ಇದನ್ನು ಸ್ಪಷ್ಟವಾಗಿಯೇ ಹೇಳಬೇಕು, ಏಕೆಂದರೆ ಪ್ರೀತಿಯಿಂದ ಬರೆದ ಲೇಖನಗಳಲ್ಲಿ ಈ ತಪ್ಪು ನುಸುಳುತ್ತದೆ. ಸಿಂಗಲ್ ಎಂದರೆ ಒಂದು ಹಾಡಿಗೆಂದೇ ಹೊರಡಿಸುವ ರೆಕಾರ್ಡ್. ಅದರ ಹನ್ನೆರಡು ಇಂಚಿನ ರೂಪದ ಕಥೆಯ ನಾಯಕ ಟಾಮ್ ಮೌಲ್ಟನ್. ಹಾಡುಗಳನ್ನು ಕತ್ತರಿಸಿ, ಜೋಡಿಸಿ, ನಡುವೆ ತಾಳವಾದ್ಯವಷ್ಟೇ ಉಳಿಯುವ ತೆರಪುಗಳನ್ನು ಮಾಡಿ ಉದ್ದವಾಗಿಸುವ ಕಲೆಯನ್ನು ಅವರು ಸಾಧಿಸಿದ್ದರು. 1974ರಲ್ಲಿ ಬಿ.ಟಿ. ಎಕ್ಸ್‌ಪ್ರೆಸ್ ಎಂಬ ಬ್ರೂಕ್ಲಿನ್ ತಂಡದ, ಸೆಪ್ಟರ್ ಹೊರತಂದ ಹಾಡೊಂದನ್ನು ಅವರು ಸುಮಾರು ಮೂರು ನಿಮಿಷದಿಂದ ಆರು ನಿಮಿಷದ ಹತ್ತಿರಕ್ಕೆ ತಂದರು. ಅದು ಅಮೆರಿಕದ ಪಾಪ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಅದೇ ಕಾಲದಲ್ಲಿ ಒಂದು ದಿನ ಪ್ರಯೋಗಪ್ರತಿ ಕೆತ್ತಿಸಲು ಹೋದಾಗ ಹೋಸೆ ರೋಡ್ರಿಗೆಸ್ ಎಂಬ ತಂತ್ರಜ್ಞರ ಬಳಿ ಏಳು ಇಂಚಿನ ಖಾಲಿ ತಟ್ಟೆಗಳು ಮುಗಿದಿದ್ದವು. ದೊಡ್ಡ ತಟ್ಟೆಯ ಮೇಲೆಯೇ ಗೀರುಗಳನ್ನು ಅಗಲವಾಗಿ ಹರಡಿ ಕೆತ್ತಿದರು.

ಗೀರುಗಳು ಒತ್ತೊತ್ತಾಗಿದ್ದಷ್ಟೂ ಸೂಜಿಗೆ ಅಲುಗಾಡಲು ಎಡೆ ಕಡಿಮೆ, ಆದ್ದರಿಂದ ಸದ್ದೂ ಕಡಿಮೆ, ಮಂದ್ರವೂ ತೆಳು. ಗೀರುಗಳ ನಡುವೆ ಎಡೆ ಸಿಕ್ಕಿದ ಕೂಡಲೇ ಅದೇ ಹಾಡು ಎದೆಗೆ ತಾಗುವಂತೆ ಕೇಳಿಸಿತು. ಅಂಗಡಿಯಲ್ಲಿ ಜನರು ಕೊಳ್ಳಬಹುದಾದ ಹನ್ನೆರಡು ಇಂಚಿನ ಸಿಂಗಲ್ ಅನ್ನು 1976ರಲ್ಲಿ ಮೊದಲು ಮಾರಿದ್ದು ಸಾಲ್‌ಸೋಲ್ ಎಂಬ ಇನ್ನೊಂದು ನ್ಯೂಯಾರ್ಕ್ ಕಂಪನಿ. ಚೆರೆನ್ ಅವರ ಪಾಲು ಇದರಲ್ಲಿ ಬೇರೆ ತೆರನಾದದ್ದು. ರೇಡಿಯೊದವರು ಮೂರು ನಿಮಿಷಕ್ಕಿಂತ ಉದ್ದದ ಹಾಡನ್ನು ಮುಟ್ಟುವುದಿಲ್ಲ ಎಂದು ಉದ್ಯಮವೆಲ್ಲ ನಂಬಿದ್ದಾಗ, ಕಂಪನಿಯ ಕುರ್ಚಿಯಲ್ಲಿ ಕುಳಿತು ಮೌಲ್ಟನ್ ಅವರಿಗೆ ಟೇಪುಗಳನ್ನು ಒಪ್ಪಿಸಿದವರು ಅವರು. ನಾವು ಇಂದು ಸಲೀಸಾಗಿ ರೀಮಿಕ್ಸ್ ಎನ್ನುವ ಪದದ ಹಿಂದೆ ಇಂಥ ಒಪ್ಪಿಗೆಗಳ ಇತಿಹಾಸವೂ ಇದೆ.

ವೆಸ್ಟ್ ಎಂಡ್ ತುಂಬ ಚಿಕ್ಕ ಕಂಪನಿಯಂತೆ. ಹಾಗಾದರೆ ಅದರ ರೆಕಾರ್ಡುಗಳನ್ನು ಜನ ಈಗಲೂ ಹುಡುಕುವುದೇಕೆ?

ಕಂಪನಿ ಚಿಕ್ಕದೇ. 1976ರಲ್ಲಿ ಒಂದು ಇಟಾಲಿಯನ್ ಚಿತ್ರದ ಸಂಗೀತದ ತುಣುಕಿನಿಂದ ಆರಂಭವಾದ ಅದು 1978ರಲ್ಲಿ ಕ್ಯಾರೆನ್ ಯಂಗ್ ಹಾಡಿದ ‘ಹಾಟ್ ಶಾಟ್’ ಡಿಸ್ಕೊ ಪಟ್ಟಿಯ ತುದಿಗೇರಿದಾಗ ಎಲ್ಲರ ಕಣ್ಣಿಗೆ ಬಿತ್ತು. ಆದರೆ ವೆಸ್ಟ್ ಎಂಡ್‌ನ ಗುರುತು ಉಳಿದಿರುವುದು ಅದಾದ ಮೇಲಿನ ನಾಲ್ಕೈದು ವರ್ಷಗಳ ರೆಕಾರ್ಡುಗಳಲ್ಲಿ.

1980ರಲ್ಲಿ ಲೂಸ್ ಜಾಯಿಂಟ್ಸ್ ಎಂಬ ಹೆಸರಿನಲ್ಲಿ ಒಂದು ವಿಚಿತ್ರ ರೆಕಾರ್ಡ್ ಬಂತು. ಅದರ ಹಿಂದೆ ಇದ್ದವರಲ್ಲಿ ಒಬ್ಬರು ಆರ್ಥರ್ ರಸೆಲ್; ಅಯೋವಾದ ಹೊಲಗಳ ನಾಡಿನಿಂದ ಬಂದ ಚೆಲ್ಲೊ ವಾದಕ, ಕ್ಯಾಲಿಫೋರ್ನಿಯಾದ ಅಲಿ ಅಕ್ಬರ್ ಸಂಗೀತ ಕಾಲೇಜಿನಲ್ಲಿ ಹಿಂದೂಸ್ತಾನಿ ಸಂಗೀತ ಕಲಿತವರು. ನಮ್ಮ ಕಿವಿಗೆ ಪರಿಚಿತವಾದ ಆಲಾಪದ ನಿಧಾನ ಆ ರೆಕಾರ್ಡಿನಲ್ಲಿ ಇದೆಯೆಂದು ನಾನು ವಾದಿಸುವುದಿಲ್ಲ, ಆದರೆ ಒಂದೇ ಸ್ವರಪುಂಜದ ಸುತ್ತ ಅವಸರವಿಲ್ಲದೆ ಸುತ್ತುವ ಅದರ ಗುಣ ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸುತ್ತದೆ. ದೊಡ್ಡ ಕಂಪನಿಯೊಂದು ಅಂಥದ್ದನ್ನು ಆಗ ಹೊರಡಿಸುತ್ತಿತ್ತೇ ಎಂಬುದು ನನಗೆ ಸಂದೇಹ.

1981ರಲ್ಲಿ ಬಂದದ್ದು ಟಾನಾ ಗಾರ್ಡ್‌ನರ್ ಹಾಡಿದ ‘ಹಾರ್ಟ್‌ಬೀಟ್’. ಕೆಂಟನ್ ನಿಕ್ಸ್ ರಚಿಸಿದ ಈ ಹಾಡಿನ ಲಯ ನಿಮಿಷಕ್ಕೆ ನೂರು ಬಡಿತಕ್ಕೂ ಕಡಿಮೆ. ಆಗಿನ ಡಿಸ್ಕೊ ನೂರಿಪ್ಪತ್ತರ ಆಸುಪಾಸಿನಲ್ಲಿ ಓಡುತ್ತಿತ್ತು. ಪ್ಯಾರಡೈಸ್ ಗರಾಜ್ ಎಂಬ ನ್ಯೂಯಾರ್ಕ್ ಕ್ಲಬ್ಬಿನಲ್ಲಿ ಡಿಜೆ ಲ್ಯಾರಿ ಲೆವಾನ್ ಇದನ್ನು ಮೊದಲ ಸಲ ಹಾಕಿದಾಗ ಜನ ಕುಣಿಯುವ ಅಂಗಳವನ್ನೇ ಬಿಟ್ಟು ಹೋದರು ಎಂದು ಅಲ್ಲಿದ್ದವರು ನೆನೆಯುತ್ತಾರೆ. ಲೆವಾನ್ ಬಿಡಲಿಲ್ಲ, ಮತ್ತೆ ಮತ್ತೆ ಹಾಕಿದರು, ಕೊನೆಗೆ ಅಂಗಳ ತುಂಬಿತು. ಆ ಹಾಡು ಕಪ್ಪು ಜನಾಂಗದ ಸಂಗೀತದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು, ಮತ್ತು ಅದರ ಮಂದ್ರದ ಎಳೆಯನ್ನು ಮುಂದೆ ಹಿಪ್-ಹಾಪ್ ಕಲಾವಿದರು ಎತ್ತಿಕೊಂಡರು. 1994ರಲ್ಲಿ ಜಗತ್ತಿನೆಲ್ಲೆಡೆ ಕೇಳಿಸಿದ ಇನಿ ಕಮೋಜೆ ಅವರ ಪ್ರಸಿದ್ಧ ಹಾಡಿನ ಅಡಿಯಲ್ಲಿ ಓಡುವುದು ಇದೇ ಎಳೆ. ಅದಾದ ಮೇಲೆ 1982ರಲ್ಲಿ ಪೀಚ್ ಬಾಯ್ಸ್ ತಂಡದ ರೆಕಾರ್ಡ್ ಬಂತು. ಪ್ರತಿಧ್ವನಿಯಲ್ಲಿ ತೇಲುವ ಚಪ್ಪಾಳೆ ಮತ್ತು ಸಿಂಥಸೈಸರ್‌ಗಳ ಆ ನಾದದಲ್ಲಿ ಮುಂದೆ ಹೌಸ್ ಎಂದು ಹೆಸರಾದ ಸಂಗೀತದ ಮೊಳಕೆಯನ್ನು ಅನೇಕರು ಗುರುತಿಸುತ್ತಾರೆ.

1979ರಲ್ಲೇ ಡಿಸ್ಕೊ ಸತ್ತುಹೋಯಿತಲ್ಲ, ಮತ್ತೆ 1981, 82ರ ಮಾತೇಕೆ?

1979ರ ಜುಲೈ 12ರಂದು ಷಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಸಿಡಿಸಿದ್ದು ನಿಜ, ಅದರ ಬೆನ್ನಿಗೇ ದೊಡ್ಡ ಕಂಪನಿಗಳು ಆ ಪದದಿಂದ ದೂರ ಸರಿದದ್ದೂ ನಿಜ. ಆದರೆ ಕುಣಿಯುತ್ತಿದ್ದವರು ಎಲ್ಲಿಗೂ ಹೋಗಲಿಲ್ಲ. ಅವರಿಗೆ ಸಂಗೀತ ಒದಗಿಸುವ ಕೆಲಸ ವೆಸ್ಟ್ ಎಂಡ್‌ನಂಥ ಸಣ್ಣ ಕಂಪನಿಗಳ ಪಾಲಿಗೆ ಬಂತು.

## ಪ್ಯಾರಡೈಸ್ ಗರಾಜ್

ಪ್ಯಾರಡೈಸ್ ಗರಾಜ್ ಕ್ಲಬ್ ಅವರದೇ ಆಗಿತ್ತಾ? ಅಲ್ಲಿ ಅಂಥದ್ದೇನು ಇತ್ತು?

ಕ್ಲಬ್ಬಿನ ಒಡೆಯ ಮೈಕಲ್ ಬ್ರೋಡಿ. ಅವರು ಚೆರೆನ್ ಅವರ ಸಂಗಾತಿಯಾಗಿದ್ದವರು. ಇಬ್ಬರ ಸಂಬಂಧ ಮುಗಿದ ಮೇಲೂ ನಂಟು ಉಳಿಯಿತು, ಮತ್ತು ಕ್ಲಬ್ ತೆರೆಯಲು ಚೆರೆನ್ ಹಣದ ಒತ್ತಾಸೆ ಕೊಟ್ಟರು. ಮ್ಯಾನ್‌ಹ್ಯಾಟನ್‌ನ ಕಿಂಗ್ ಸ್ಟ್ರೀಟ್‌ನ 84ನೇ ಸಂಖ್ಯೆಯ ವಾಹನ ನಿಲುಗಡೆಯ ಕಟ್ಟಡವನ್ನು ಹಿಡಿದು, ಕಟ್ಟುವ ಕೆಲಸ ನಡೆದಿರುವಾಗಲೇ 1977ರಲ್ಲಿ ಕೂಟಗಳನ್ನು ಆರಂಭಿಸಿದರು. ವಾಹನಗಳು ಹತ್ತುತ್ತಿದ್ದ ಇಳಿಜಾರಿನ ಮೇಲೆಯೇ ಜನ ಹತ್ತಿ ಒಳಗೆ ಹೋಗುತ್ತಿದ್ದರು.

ಅಲ್ಲಿ ಮದ್ಯ ಮಾರುತ್ತಿರಲಿಲ್ಲ. ಕ್ಲಬ್ ಅಂದರೆ ಕುಡಿತ ಎಂದುಕೊಂಡಿರುವ ನಮ್ಮವರಿಗೆ ಇದು ಅಚ್ಚರಿಯಾಗುತ್ತದೆ. ಸದಸ್ಯತ್ವ ಇದ್ದವರಿಗೆ ಮತ್ತು ಅವರ ಅತಿಥಿಗಳಿಗೆ ಮಾತ್ರ ಪ್ರವೇಶ. ಒಳಗೆ ಹಣ್ಣು, ಕಾಫಿ, ತಂಪು ಪಾನೀಯ, ಮತ್ತು ರಿಚರ್ಡ್ ಲಾಂಗ್ ರೂಪಿಸಿದ ಧ್ವನಿವ್ಯವಸ್ಥೆ. ಬೆಳಗಾದ ಮೇಲೂ ಕುಣಿತ ಮುಗಿಯುತ್ತಿರಲಿಲ್ಲ. ಬಂದವರಲ್ಲಿ ಕಪ್ಪು ಮತ್ತು ಲ್ಯಾಟಿನ್ ಮೂಲದ ಸಲಿಂಗಿ ಯುವಕರು ಹೆಚ್ಚು. ಶನಿವಾರದ ರಾತ್ರಿಯನ್ನು ಅವರು ಚರ್ಚಿನ ಪ್ರಾರ್ಥನೆಗೆ ಹೋಲಿಸಿ ‘ಸ್ಯಾಟರ್‌ಡೇ ಮಾಸ್’ ಎನ್ನುತ್ತಿದ್ದರು. ಡಿಜೆ ಲ್ಯಾರಿ ಲೆವಾನ್ ಒಂದೊಂದು ರಾತ್ರಿಯನ್ನೂ ಕಥೆಯಂತೆ ಕಟ್ಟುತ್ತಿದ್ದರು. ಚೆರೆನ್ ಅವರಿಗೆ ಇದು ಹೊಸ ರೆಕಾರ್ಡುಗಳ ಒರೆಗಲ್ಲೂ ಆಗಿತ್ತು. ಪ್ರಯೋಗಪ್ರತಿಯನ್ನು ಲೆವಾನ್ ಕೈಗಿಟ್ಟರೆ ಆ ವಾರವೇ ಎರಡು ಸಾವಿರ ಪಾದಗಳ ತೀರ್ಪು ಸಿಗುತ್ತಿತ್ತು ಎಂದರೆ ತಪ್ಪಾಗಲಾರದು. ಗರಾಜ್ 1987ರ ಸೆಪ್ಟೆಂಬರ್ ಕೊನೆಯಲ್ಲಿ ಮುಚ್ಚಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರೋಡಿ ಏಡ್ಸ್‌ನಿಂದ ತೀರಿಕೊಂಡರು. ಕಿಂಗ್ ಸ್ಟ್ರೀಟ್‌ನ ಆ ಕಟ್ಟಡವೂ ಈಗ ಇಲ್ಲ.

## ಕೊಟ್ಟದ್ದರ ಕುರಿತು

ಅವರು ಮನೆಯನ್ನೇ ಬಿಟ್ಟುಕೊಟ್ಟರಂತೆ. ಯಾರಿಗೆ, ಯಾಕೆ?

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯಾದ ವರದಿ ಪ್ರಕಟವಾಯಿತು. ಒಂದು ತಿಂಗಳೊಳಗೆ ನ್ಯೂಯಾರ್ಕಿನ ಪತ್ರಿಕೆಯಲ್ಲಿ 41 ಸಲಿಂಗಿಗಳಲ್ಲಿ ಕಂಡ ಅಪರೂಪದ ಕ್ಯಾನ್ಸರಿನ ಸುದ್ದಿ ಬಂತು. ಮುಂದೆ ಏಡ್ಸ್ ಎಂದು ಕರೆಸಿಕೊಂಡ ಈ ಕಾಯಿಲೆಗೆ ಇನ್ನೂ ಹೆಸರಿರಲಿಲ್ಲ, ಕಾರಣ ತಿಳಿದಿರಲಿಲ್ಲ, ಸರಕಾರದಿಂದ ನೆರವಿರಲಿಲ್ಲ. ಆಗಸ್ಟ್ 11ರಂದು ಬರಹಗಾರ ಲ್ಯಾರಿ ಕ್ರೇಮರ್ ಅವರ ಮನೆಯಲ್ಲಿ ಎಂಬತ್ತರಷ್ಟು ಜನ ಸೇರಿ, ಸಂಶೋಧನೆಗೆಂದು 6,635 ಡಾಲರ್ ಕೂಡಿಸಿದರು. ಆ ಕೂಟದಿಂದ 1982ರ ಜನವರಿಯಲ್ಲಿ ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಎಂಬ ಸಂಸ್ಥೆ ಹುಟ್ಟಿತು. ಜಿಎಂಎಚ್‌ಸಿ ಎಂದು ಅದನ್ನು ಕರೆಯುತ್ತಾರೆ.

ಸಂಸ್ಥೆಗೆ ಕುಳಿತುಕೊಳ್ಳಲು ಜಾಗ ಬೇಕಿತ್ತು. ಅಂಟುರೋಗವೆಂಬ ಭಯ ಹರಡಿದ್ದ ದಿನಗಳಲ್ಲಿ, ಹೆಸರಿನಲ್ಲಿಯೇ ಸಲಿಂಗಿಗಳ ಕಾಯಿಲೆಯ ಸೂಚನೆಯಿದ್ದ ಸಂಸ್ಥೆಗೆ ಬಾಡಿಗೆಗೆ ಕೋಣೆ ಸಿಗುವುದು ಎಷ್ಟು ಕಷ್ಟವೆಂದು, ಬಾಡಿಗೆ ಮನೆ ಹುಡುಕುವಾಗ ಜಾತಿ ಕೇಳಿಸಿಕೊಂಡ ನಮ್ಮಲ್ಲಿನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಚೆರೆನ್ ಅವರಿಗೆ ಚೆಲ್ಸಿ ಪ್ರದೇಶದ ಪಶ್ಚಿಮ 22ನೇ ಬೀದಿಯಲ್ಲಿ, 318ನೇ ಸಂಖ್ಯೆಯ ಹಳೆಯ ಕಟ್ಟಡವಿತ್ತು. ಅದರಲ್ಲಿ ಅವರು ಜಿಎಂಎಚ್‌ಸಿಗೆ ಜಾಗ ಕೊಟ್ಟರು. ಅದೇ ಅದರ ಮೊದಲ ಕಚೇರಿ. ಸಂಸ್ಥೆಯ ಸಹಾಯವಾಣಿ 1982ರ ಮೇ ತಿಂಗಳಿನಲ್ಲಿ ರಾಜರ್ ಮ್ಯಾಕ್‌ಫಾರ್ಲೇನ್ ಎಂಬ ಸ್ವಯಂಸೇವಕರ ಮನೆಯ ಫೋನಿನಲ್ಲಿ ಆರಂಭವಾದಾಗ ಮೊದಲ ರಾತ್ರಿಯೇ ನೂರರಷ್ಟು ಕರೆಗಳು ಬಂದವು. ಹೆದರಿದವರಿಗೆ ಉತ್ತರ ಹೇಳುವ, ಹಾಸಿಗೆ ಹಿಡಿದವರಿಗೆ ಅಡುಗೆ ಮಾಡಿ ಜೊತೆಗಿರಲು ಸಂಗಡಿಗರನ್ನು ಕಳಿಸುವ ಕೆಲಸ ಬೆಳೆಯುತ್ತ ಹೋಯಿತು. ಅಂಥ ಕೆಲಸಕ್ಕೆ ಒಂದು ಬಾಗಿಲು, ಒಂದು ವಿಳಾಸ ಇರುವುದು ಎಷ್ಟು ದೊಡ್ಡದೆಂದು ಚೆಕ್ ಬರೆದು ಕೈತೊಳೆದುಕೊಳ್ಳುವ ದಾನಿಗೆ ಹೊಳೆಯುವುದಿಲ್ಲ.

ಹಾಗಾದರೆ ಅವರು ಜಿಎಂಎಚ್‌ಸಿಯ ಸ್ಥಾಪಕರಲ್ಲಿ ಒಬ್ಬರೇ?

ಸ್ಥಾಪಕರೆಂದು ದಾಖಲಾಗಿರುವವರು ಆರು ಮಂದಿ: ಲ್ಯಾರಿ ಕ್ರೇಮರ್, ಪಾಲ್ ಪೋಫಮ್, ಎಡ್ಮಂಡ್ ವೈಟ್, ನೇಥನ್ ಫೇನ್, ಪಾಲ್ ರಾಪೊಪೋರ್ಟ್ ಮತ್ತು ವೈದ್ಯ ಲಾರೆನ್ಸ್ ಮಾಸ್. ಚೆರೆನ್ ಹೆಸರು ಆ ಸಾಲಿನಲ್ಲಿ ಇಲ್ಲ. ಅವರನ್ನು ಆಸರೆ ಕೊಟ್ಟವರೆಂದು ಕರೆಯುವುದೇ ಸರಿ, ಅದರಿಂದ ಅವರ ಮಹತ್ವವೇನೂ ತಗ್ಗುವುದಿಲ್ಲ.

ಜನ ಸಾಯುತ್ತಿರುವಾಗ ಕುಣಿತದ ಕಾರ್ಯಕ್ರಮ ಇಟ್ಟು ಹಣ ಎತ್ತುವುದು ನಿಮಗೆ ಸರಿ ಅನಿಸುತ್ತದಾ?

ಈ ಪ್ರಶ್ನೆಯನ್ನು ಒಬ್ಬ ಹಿರಿಯರು ಬಹಳ ಗಂಭೀರವಾಗಿ ಕೇಳಿದ್ದರು. 1982ರ ಏಪ್ರಿಲ್‌ನಲ್ಲಿ ಜಿಎಂಎಚ್‌ಸಿಯ ಮೊದಲ ದೊಡ್ಡ ನಿಧಿಸಂಗ್ರಹದ ಕೂಟ ನಡೆದದ್ದು ಪ್ಯಾರಡೈಸ್ ಗರಾಜ್‌ನಲ್ಲಿಯೇ. ಸಂಗ್ರಹವಾದದ್ದು ಐವತ್ತು ಸಾವಿರ ಡಾಲರ್‌ಗೂ ಹೆಚ್ಚು. ನನಗೆ ಅದು ಸರಿಯೆನಿಸುವುದಷ್ಟೇ ಅಲ್ಲ, ಬೇರೆ ದಾರಿಯೇ ಇರಲಿಲ್ಲ ಎನಿಸುತ್ತದೆ. ಆ ಸಮುದಾಯಕ್ಕೆ ಊರಿನ ದೇವಸ್ಥಾನದ ಅಂಗಳವಿರಲಿಲ್ಲ, ಜಾತಿಯ ಸಂಘವಿರಲಿಲ್ಲ, ಎಷ್ಟೋ ಮಂದಿಗೆ ಹೆತ್ತವರ ಮನೆಯ ಬಾಗಿಲೂ ಮುಚ್ಚಿತ್ತು. ಅವರೆಲ್ಲ ಒಟ್ಟಿಗೆ ಸೇರುತ್ತಿದ್ದ ಜಾಗ ಕುಣಿತದ ಅಂಗಳ. ನಮ್ಮೂರಲ್ಲಿ ಕಷ್ಟ ಬಂದಾಗ ಜನ ಎಲ್ಲಿ ಸೇರುತ್ತಾರೋ ಅಲ್ಲಿಯೇ ತಟ್ಟೆ ಹಿಡಿಯುತ್ತಾರೆ. ಅವರೂ ಹಾಗೆಯೇ ಮಾಡಿದರು. ಚೆರೆನ್ ನಂತರದ ವರ್ಷಗಳಲ್ಲಿ ಸಂಗೀತ ಉದ್ಯಮದವರಿಂದ ಏಡ್ಸ್ ನಿಧಿ ಕೂಡಿಸಲು ‘24 ಅವರ್ಸ್ ಫಾರ್ ಲೈಫ್’ ಎಂಬ ಸಂಸ್ಥೆಯನ್ನೂ ಕಟ್ಟಿದರು.

22ನೇ ಬೀದಿಯ ಆ ಮನೆ ಈಗ ಏನಾಗಿದೆ?

ಜಿಎಂಎಚ್‌ಸಿ ಬೆಳೆದು ದೊಡ್ಡ ಜಾಗಕ್ಕೆ ಹೋದ ಮೇಲೆ, 1980ರ ದಶಕದ ನಡುವಿನಲ್ಲಿ ಚೆರೆನ್ ಅದನ್ನು ಕಲೋನಿಯಲ್ ಹೌಸ್ ಇನ್ ಎಂಬ ಅತಿಥಿಗೃಹವನ್ನಾಗಿ ಮಾಡಿದರು. ಅವರು ಚಿತ್ರಕಾರರೂ ಹೌದು. ತಾವು ಬಿಡಿಸಿದ ಚಿತ್ರಗಳನ್ನು ಅದರ ಗೋಡೆಗಳಿಗೆ ಹಾಕಿದ್ದರು.

## ಇನ್ನೂ ಆಳಕ್ಕೆ ಹೋಗುವವರಿಗೆ

‘ಡಿಸ್ಕೊದ ಗಾಡ್‌ಫಾದರ್’ ಎನ್ನುವುದು ಅತಿಯಾಯಿತಲ್ಲವೇ?

ಆ ಹೆಸರಿನ ಸಾಕ್ಷ್ಯಚಿತ್ರವೂ ಬಂದಿದೆ, ಆದ್ದರಿಂದ ಬಿರುದು ಅಂಟಿಕೊಂಡಿದೆ. ಡಿಸ್ಕೊವನ್ನು ಹುಟ್ಟಿಸಿದ ತಂದೆ ಎಂಬ ಅರ್ಥದಲ್ಲಾದರೆ ಅತಿಯೇ; ಮಂಕೂಸೊ, ಮೌಲ್ಟನ್, ಲೆವಾನ್ ಮತ್ತು ಹೆಸರೇ ದಾಖಲಾಗದ ಎಷ್ಟೋ ವಾದ್ಯಗಾರರು ಆ ಸಾಲಿನಲ್ಲಿ ಮುಂದೆ ನಿಲ್ಲಬೇಕು. ಆದರೆ ಆ ಪದದ ಮೂಲ ಅರ್ಥ ಬೇರೆ. ಕ್ರೈಸ್ತರಲ್ಲಿ ಗಾಡ್‌ಫಾದರ್ ಎಂದರೆ ಮಗುವಿಗೆ ಜನ್ಮ ಕೊಟ್ಟವನಲ್ಲ, ನಾಮಕರಣದ ದಿನ ಪಕ್ಕದಲ್ಲಿ ನಿಂತು ಅದರ ಹೊಣೆಗೆ ಮಾತು ಕೊಟ್ಟವನು. ಆ ಅರ್ಥದಲ್ಲಿ ಬಿರುದು ಒಪ್ಪುತ್ತದೆ.

ಇಷ್ಟು ಒಳ್ಳೆಯ ರೆಕಾರ್ಡುಗಳಿದ್ದರೂ ವೆಸ್ಟ್ ಎಂಡ್ ಮುಚ್ಚಿತೇಕೆ?

ಒಂದೊಂದೇ ಸಿಂಗಲ್ ಮಾರಿ ಬದುಕುವ ಕಂಪನಿಗೆ ಪ್ರತಿ ತಿಂಗಳೂ ಹೊಸ ಗೆಲುವು ಬೇಕು. ವೆಸ್ಟ್ ಎಂಡ್ 1980ರ ದಶಕದ ನಡುವಿನಲ್ಲಿ ನಿಂತುಹೋಯಿತು. ಆ ಹೊತ್ತಿಗೆ ಅದರ ರೆಕಾರ್ಡುಗಳಿಗೆ ಕುಣಿದಿದ್ದ ಪೀಳಿಗೆಯೇ ಸಾಯುತ್ತಿತ್ತು ಎಂಬುದನ್ನೂ ಮರೆಯಬಾರದು. 1990ರ ದಶಕದ ಕೊನೆಯಲ್ಲಿ ಚೆರೆನ್ ಕಂಪನಿಯನ್ನು ಮತ್ತೆ ತೆರೆದು ಹಳೆಯ ರೆಕಾರ್ಡುಗಳನ್ನು ಹೊಸಬರಿಗೆ ಸಿಗುವಂತೆ ಮಾಡಿದರು. 2000ದಲ್ಲಿ ತಮ್ಮ ಬದುಕು ಮತ್ತು ಗರಾಜ್ ಕುರಿತ ಆತ್ಮಕಥೆಯನ್ನೂ ಪ್ರಕಟಿಸಿದರು.

ಕೊನೆಗೆ ಅವರೂ ಅದೇ ಕಾಯಿಲೆಯಿಂದ ತೀರಿಕೊಂಡರಾ?

ಹೌದು. ಅವರ ಸಾವಿಗೆ ಕಾರಣವಾದದ್ದು ಏಡ್ಸ್‌ಗೆ ಸಂಬಂಧಿಸಿದ ನ್ಯುಮೋನಿಯಾ. 1987ರಲ್ಲಿ ಬ್ರೋಡಿ, 1992ರ ಏಪ್ರಿಲ್‌ನಲ್ಲಿ ಆರ್ಥರ್ ರಸೆಲ್ ಅದೇ ಕಾಯಿಲೆಗೆ ತುತ್ತಾಗಿದ್ದರು. ಲೆವಾನ್ 1992ರ ನವೆಂಬರಿನಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಹೃದಯದ ತೊಂದರೆಯಿಂದ ತೀರಿಕೊಂಡಿದ್ದರು. ಇವರೆಲ್ಲರಿಗಿಂತ ಹಿರಿಯರಾದ ಚೆರೆನ್ ಎಲ್ಲರನ್ನೂ ಕಳಿಸಿಕೊಟ್ಟು ಹದಿನೈದು ವರ್ಷ ಬದುಕಿದ್ದರು.

ಕೇಳಬೇಕು ಅನಿಸಿದೆ. ಎಲ್ಲಿಂದ ಶುರು ಮಾಡಲಿ?

ಮೊದಲು ‘ಹಾರ್ಟ್‌ಬೀಟ್’ ಹಾಡಿನ ಹನ್ನೆರಡು ಇಂಚಿನ ರೂಪವನ್ನು ಪೂರ್ತಿಯಾಗಿ ಕೇಳಿ; ರೇಡಿಯೊಗೆಂದು ಕತ್ತರಿಸಿದ ರೂಪ ಬೇಡ. ಆಮೇಲೆ ಲೂಸ್ ಜಾಯಿಂಟ್ಸ್, ಅದಾದ ಮೇಲೆ ಪೀಚ್ ಬಾಯ್ಸ್. ಫೋನಿನ ಪುಟ್ಟ ಸ್ಪೀಕರಿನಲ್ಲಿ ಈ ಹಾಡುಗಳ ಅರ್ಧಭಾಗ ಕೇಳಿಸುವುದೇ ಇಲ್ಲ, ಆದ್ದರಿಂದ ಮಂದ್ರವನ್ನು ಸರಿಯಾಗಿ ಕೊಡುವ ಸ್ಪೀಕರ್ ಇರುವ ಸ್ನೇಹಿತರ ಮನೆಗೆ ಹೋಗಿ. ಮೊದಲ ಎರಡು ನಿಮಿಷ ಏನೂ ನಡೆಯುತ್ತಿಲ್ಲ ಎನಿಸಿದರೆ ನಿಲ್ಲಿಸಬೇಡಿ. ಗರಾಜ್‌ನಲ್ಲಿ ಮೊದಲ ರಾತ್ರಿ ಅಂಗಳ ಬಿಟ್ಟು ಹೋದವರಿಗೂ ಹಾಗೆಯೇ ಅನಿಸಿತ್ತು.